‘ಎದ್ದಿದ್ದಾನೆ’ ಎನ್ನಲು ಬಾಯಿ ಬಾರದಾಗ: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕರಾವಳಿಯ ಪ್ರೊಟೆಸ್ಟೆಂಟ್ ಸಭೆಯೊಂದಕ್ಕೆ ಸೇರಿದ, ಐವತ್ತು ದಾಟಿದ ಶಿಕ್ಷಕಿಯೊಬ್ಬರು ಪತಿ ತೀರಿಕೊಂಡ ಎಂಟು ತಿಂಗಳಿಗೆ ನನ್ನಲ್ಲಿಗೆ ಬಂದರು. ಕ್ರಿಸ್ತನು ಸಾವಿನಿಂದ ಎದ್ದುಬಂದದ್ದನ್ನು, ಅಂದರೆ ಅವನ ಪುನರುತ್ಥಾನವನ್ನು, ಸ್ಮರಿಸುವ ಈಸ್ಟರ್ ಮುಂಜಾನೆ ಸ್ಮಶಾನದಲ್ಲಿ ನಡೆದ ಆರಾಧನೆಯಲ್ಲಿ ಅಯ್ಯನವರು (ಸಭಾಪಾಲಕರು) “ಕ್ರಿಸ್ತನು ಎದ್ದಿದ್ದಾನೆ” ಎಂದಾಗ “ನಿಜವಾಗಿಯೂ ಎದ್ದಿದ್ದಾನೆ” ಎಂದು ಉತ್ತರಿಸಲು ತಮಗೆ ಬಾಯಿ ಬರಲಿಲ್ಲವೆಂದೂ, ಹತ್ತು ಹೆಜ್ಜೆಯಾಚೆ ಪತಿಯ ಸಮಾಧಿಯ ಕುಸಿದ ಮಣ್ಣೊಂದೇ ಕಣ್ಣಿಗೆ ಕಾಣುತ್ತಿತ್ತೆಂದೂ ಹೇಳಿದರು. ನಂಬಿದವರು ಅಳಬಾರದೆಂದು ಸಭೆಯವರ ಬುದ್ಧಿವಾದ. ತಮಗಾದ ದರ್ಶನದ ಸಾಕ್ಷಿ ಹೇಳುವ ಸಂಬಂಧಿಯೊಬ್ಬರ ಮುಂದೆ ಇವರು ಇನ್ನಷ್ಟು ಕುಗ್ಗುತ್ತಿದ್ದರು. ತಮ್ಮ ವಿಶ್ವಾಸವೇ ಸತ್ತಿದೆಯೆಂಬುದು ಅವರ ತೀರ್ಮಾನವಾಗಿತ್ತು.

ಊಟ, ನಿದ್ರೆಗಳನ್ನು ವಿಚಾರಿಸಿದೆ. ತೂಕ ಇಳಿದಿದ್ದರಿಂದ ವೈದ್ಯರನ್ನು ಕಾಣಲು ತಿಳಿಸಿದೆ. ಸಂಜೆ ಆರಕ್ಕೆ ಗೇಟಿನ ಬಳಿ ಪತಿಯ ಸ್ಕೂಟರ್ ನಿಂತ ಸದ್ದು ಕೇಳಿಸುತ್ತದೆಯೆಂದು ಅವರು ಸಂಕೋಚದಿಂದ ಹೇಳಿದರು. ದುಃಖದಲ್ಲಿ ಅನೇಕರಿಗೆ ಹೀಗಾಗುತ್ತದೆ, ಇದು ಹುಚ್ಚಲ್ಲ, ಆದರೆ ಇದನ್ನೂ ಪುನರುತ್ಥಾನವನ್ನೂ ಒಂದೇ ಎಂದುಕೊಳ್ಳಬೇಡಿ ಎಂದೆ.

ಅನಂತರ ಬೈಬಲಿನಲ್ಲಿ ಯೇಸುವಿನ ಜೀವನವನ್ನು ಹೇಳುವ ಯೋಹಾನನ ಸುವಾರ್ತೆಯ 20ನೆಯ ಅಧ್ಯಾಯವನ್ನು ಒಟ್ಟಿಗೆ ಓದಿದೆವು. ಯೇಸುವಿನ ಬರಿದಾದ ಸಮಾಧಿಯ ಬಳಿ ಅಳುತ್ತಿದ್ದ ಶಿಷ್ಯೆ ಮಗ್ದಲದ ಮರಿಯಳಿಗೆ ಅಳು ನಿಲ್ಲಿಸಿ ಬಾ ಎಂದು ಯಾರೂ ಷರತ್ತು ಹಾಕಲಿಲ್ಲ. ಯಾಕೆ ಅಳುತ್ತೀ ಎಂದು ಕೇಳಿದರು. ಎದುರಿಗೇ ನಿಂತ ಯೇಸುವನ್ನು ಅವಳು ತೋಟಗಾರನೆಂದುಕೊಂಡಳು, ಹೆಸರು ಹಿಡಿದು ಕರೆದಾಗಲೇ ಗುರುತು ಹತ್ತಿತು. ಮಾರ್ಕನ ಸುವಾರ್ತೆಯಲ್ಲಿಯಂತೂ ಸಮಾಧಿಯಿಂದ ಹೊರಬಿದ್ದ ಹೆಂಗಸರು ಭಯದಿಂದ ಯಾರಿಗೂ ಏನೂ ಹೇಳದೆ ಓಡುತ್ತಾರೆ. ಬಾಯಿ ಬಾರದವರಲ್ಲಿ ನೀವೇ ಮೊದಲಿಗರಲ್ಲ ಎಂದಾಗ ಅವರು ಮೊದಲ ಬಾರಿಗೆ ತಲೆಯೆತ್ತಿ ನೋಡಿದರು.

ಪುನರುತ್ಥಾನವನ್ನು ಬರಿಯ ಮನಸ್ಸಮಾಧಾನಕ್ಕೆ ಇಳಿಸುವುದು ನನಗೆ ಒಪ್ಪಿಗೆಯಿಲ್ಲ. ಕ್ರಿಸ್ತನು ಏಳದಿದ್ದರೆ ನಂಬಿಕೆಯೇ ವ್ಯರ್ಥವೆಂದು ತನ್ನ ಪತ್ರದಲ್ಲಿ ಬರೆಯುವ ಅಪೊಸ್ತಲ ಪೌಲನೂ ಅದಕ್ಕೆ ಎಡೆ ಕೊಟ್ಟಿಲ್ಲ. ಆದರೆ ಎದ್ದವನ ಭೇಟಿಯನ್ನು ಮಾಡಿಸಿಕೊಡುವುದು ಸಲಹೆಗಾರನ ಕೆಲಸವಲ್ಲ. ಆದ್ದರಿಂದ ಯೋಹಾನನ ಆ ಅಧ್ಯಾಯದ 11ರಿಂದ 18ರವರೆಗಿನ ಎಂಟೇ ವಚನಗಳನ್ನು ದಿನವೂ ನಿಧಾನವಾಗಿ ಓದಿ, ಮನಸ್ಸು ನಿಂತಲ್ಲಿ ನಿಲ್ಲಿಸಲು ಹೇಳಿದೆ. ತಾಯಿ ನೊಂದಾರೆಂದು ಮಕ್ಕಳು ತಂದೆಯ ಹೆಸರೆತ್ತುವುದನ್ನೇ ಬಿಟ್ಟಿದ್ದರು. ಆ ಹೆಸರನ್ನು ಮನೆಯಲ್ಲಿ ನೀವೇ ಮೊದಲು ಹೇಳಿ ಎಂದೆ. ಆರಾಧನೆಯಲ್ಲಿ ಉತ್ತರ ಹೊರಡದಿದ್ದರೆ ಪಕ್ಕದವರು ನಿಮ್ಮ ಪರವಾಗಿಯೂ ಹೇಳಲಿ, ಸಭೆಯೆಂಬುದು ಇರುವುದೇ ಅದಕ್ಕೆ ಎಂದೂ ತಿಳಿಸಿದೆ.

ಐದನೆಯ ಭೇಟಿಯಲ್ಲಿ ಅವರು ಒಂದು ಸಂಗತಿ ಹೇಳಿದರು. ‘ಮರಿಯಳೇ’ ಎಂದಿರುವಲ್ಲಿ ಒಂದು ಬೆಳಗ್ಗೆ ಅರಿವಿಲ್ಲದೆ ತಮ್ಮ ಹೆಸರನ್ನೇ ಓದಿಕೊಂಡರಂತೆ. ಬಹಳ ಹೊತ್ತು ಮುಂದಿನ ಸಾಲಿಗೆ ಹೋಗಲಾಗಲಿಲ್ಲ. “ಕರೆದದ್ದು ಕರ್ತನೇ” ಎಂದಷ್ಟೇ ನುಡಿದರು, ನಾನೂ ಕೆದಕಲಿಲ್ಲ. ಸ್ಕೂಟರ್ ಸದ್ದು ಈಗಲೂ ಒಮ್ಮೊಮ್ಮೆ ಕೇಳಿಸುತ್ತದೆ. ಆಗ ಪತಿಯ ಹೆಸರು ಹೇಳಿಕೊಂಡು ಮಕ್ಕಳೆದುರಿಗೇ ಅಳುತ್ತಾರೆ. ಮುಂದಿನ ಭೇಟಿಯನ್ನು ಮೂರು ವಾರಗಳ ಅನಂತರಕ್ಕೆ ಇಟ್ಟುಕೊಂಡಿದ್ದೇವೆ.