ಒಂದು ಜಮೀನು, ಎರಡು ಹಕ್ಕುಪತ್ರ: ವರ್ಮಾಂಟ್ ಲೇಖನಕ್ಕೆ ಸಂಪಾದಕರ ಉತ್ತರ

ನಮಸ್ಕಾರ.

‘ಹಸಿರು ಬೆಟ್ಟದ ಹುಲಿ’ ಲೇಖನ ತಲುಪಿತು. ವರ್ಮಾಂಟ್ 1777ರಲ್ಲಿ ತಾನು ಸ್ವತಂತ್ರ ಎಂದು ಸಾರಿದಲ್ಲಿಂದ 1791ರಲ್ಲಿ ಅಮೆರಿಕದ 14ನೇ ರಾಜ್ಯವಾದವರೆಗಿನ ಕತೆಯನ್ನು ಅಲ್ಲಿನ ಬಂಡಾಯ ಪಡೆಯ ನಾಯಕ ಈಥನ್ ಆಲೆನ್ ಸುತ್ತ ಹೆಣೆದಿದ್ದೀರಿ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ನಿಮ್ಮ ಕನ್ನಡ ಸೊಗಸಾಗಿದೆ, ಕೊರತೆ ಇರುವುದು ಬೇರೆ ಕಡೆ.

ಮೊದಲು ಆಲೆನ್. 1777ರ ಜುಲೈ 8ರಂದು ವಿಂಡ್ಸರ್‌ನಲ್ಲಿ ಸಂವಿಧಾನ ಅಂಗೀಕಾರವಾಗುವಾಗ ಆತ ಸಭೆಯಲ್ಲಿ ಗುಡುಗುತ್ತಾನೆ, ಆಗಸ್ಟ್ 16ರ ಬೆನಿಂಗ್ಟನ್ ಕಾಳಗದಲ್ಲಿ ಕತ್ತಿ ಬೀಸುತ್ತಾನೆ, 1791ರಲ್ಲಿ ಆನಂದಬಾಷ್ಪ ಸುರಿಸುತ್ತಾನೆ. ಮೂರೂ ನಡೆದಿಲ್ಲ. 1775ರ ಸೆಪ್ಟೆಂಬರಿನಲ್ಲಿ ಮಾಂಟ್ರಿಯಲ್ ಬಳಿ ಬ್ರಿಟಿಷರ ಕೈಗೆ ಸಿಕ್ಕವನು ಬಿಡುಗಡೆಯಾದದ್ದು 1778ರ ಮೇ ತಿಂಗಳಲ್ಲಿ, ತೀರಿಕೊಂಡದ್ದು 1789ರ ಫೆಬ್ರವರಿಯಲ್ಲಿ. ಬೆನಿಂಗ್ಟನ್ ಕಾಳಗವೂ ಬೆನಿಂಗ್ಟನ್‌ನಲ್ಲಿ ನಡೆದದ್ದಲ್ಲ. ಅಲ್ಲಿಂದ ಸುಮಾರು 10 ಮೈಲಿ ದೂರ, ಇಂದಿನ ನ್ಯೂಯಾರ್ಕ್ ನೆಲದಲ್ಲಿ ನಡೆಯಿತು. ವೀರಗಾಥೆಗೆ ಕೂತರೆ ಇದೇ ಪಾಡು, ನಾಯಕ ಇಲ್ಲದ ಕಡೆಗೂ ಅವನನ್ನು ಎಳೆದು ತರಬೇಕಾಗುತ್ತದೆ. ಆದರೆ 1778ರಿಂದ 1797ರವರೆಗೆ, ನಡುವೆ ಒಂದೇ ವರ್ಷ ಬಿಟ್ಟು, ಗವರ್ನರ್ ಆಗಿದ್ದ ಥಾಮಸ್ ಚಿಟೆಂಡನ್‌ಗೆ ನೀವು ಕೊಟ್ಟಿರುವುದು ಒಂದು ಸಾಲು.

ಇದು ಮೂಲತಃ ಜಮೀನಿನ ವ್ಯಾಜ್ಯ. ನೀವು ಅದನ್ನು ಅಡಿಟಿಪ್ಪಣಿಗೆ ತಳ್ಳಿದ್ದೀರಿ. ನ್ಯೂ ಹ್ಯಾಂಪ್‌ಶೈರ್‌ನ ಗವರ್ನರ್ ಬೆನಿಂಗ್ ವೆಂಟ್‌ವರ್ತ್ ಕನೆಕ್ಟಿಕಟ್ ನದಿಯ ಪಶ್ಚಿಮದ ಕಾಡನ್ನು ಟೌನ್‌ಗಳಾಗಿ ಭಾಗಮಾಡಿ ಸನದು ಕೊಡುತ್ತ ಹೋದ. ಒಂದು ಟೌನ್ ಎಂದರೆ ಸಾಮಾನ್ಯವಾಗಿ 6 ಮೈಲಿ ಉದ್ದ, 6 ಮೈಲಿ ಅಗಲ. ಲೆಕ್ಕಕ್ಕೆ 23,040 ಎಕರೆ. ಅದರಲ್ಲಿ ಹೆಚ್ಚಾಗಿ 500 ಎಕರೆ ಗವರ್ನರನ ಪಾಲಿಗೇ. ಷರತ್ತುಗಳನ್ನು ಓದಿ ನೋಡಿ, ಅವುಗಳಲ್ಲೇ ರಸವಿದೆ: ಐದು ವರ್ಷದೊಳಗೆ ಪ್ರತಿ 50 ಎಕರೆಗೆ 5 ಎಕರೆ ಸಾಗುವಳಿ ಆಗಬೇಕು, ಹಡಗಿನ ಪಟಸ್ತಂಭಕ್ಕೆ ಒದಗುವ ಬಿಳಿ ಪೈನ್ ಮರ ರಾಜನದು, ಮೊದಲ ಹತ್ತು ವರ್ಷ ಕಂದಾಯ ವರ್ಷಕ್ಕೊಂದು ಮುಸುಕಿನ ಜೋಳದ ತೆನೆ, ಆಮೇಲೆ 100 ಎಕರೆಗೆ 1 ಶಿಲಿಂಗ್. ಅದೇ ನೆಲ ತನ್ನದೆನ್ನುತ್ತಿದ್ದ ನ್ಯೂಯಾರ್ಕ್‌ನ ದರ 2 ಶಿಲಿಂಗ್ 6 ಪೆನ್ಸ್. ರೈತ ಯಾರ ಪಕ್ಷ ಹಿಡಿದ ಎಂಬುದಕ್ಕೆ ನೀವು ಎರಡು ಪುಟ ‘ಸ್ವಾತಂತ್ರ್ಯದ ಹಂಬಲ’ ಸುರಿದಿದ್ದೀರಿ. ಈ ಎರಡು ದರಗಳನ್ನು ಪಕ್ಕಪಕ್ಕ ಇಟ್ಟರೆ ಅರ್ಧ ಕೆಲಸ ಮುಗಿಯುತ್ತದೆ.

1764ರ ಜುಲೈ 20ರ ರಾಜಾಜ್ಞೆ ಕನೆಕ್ಟಿಕಟ್ ನದಿಯ ಪಶ್ಚಿಮ ದಡವನ್ನೇ ಈ ಎರಡು ಪ್ರಾಂತಗಳ ನಡುವಿನ ಗಡಿಯೆಂದಿತು. ಅದರ ಬಲದ ಮೇಲೆ ನ್ಯೂಯಾರ್ಕ್ ಅದೇ ಜಮೀನನ್ನು ಬೇರೆಯವರ ಹೆಸರಿಗೆ ಬರೆದುಕೊಟ್ಟಿತು. 1770ರಲ್ಲಿ ಆಲ್ಬನಿಯ ಕೋರ್ಟು ವೆಂಟ್‌ವರ್ತ್ ಸನದುಗಳನ್ನು ಸಾಕ್ಷ್ಯವಾಗಿಯೂ ಸ್ವೀಕರಿಸಲಿಲ್ಲ. ಆಲೆನ್ ನಾಯಕನಾಗಿದ್ದ ‘ಗ್ರೀನ್ ಮೌಂಟನ್ ಬಾಯ್ಸ್’ ಪಡೆ ಹುಟ್ಟಿದ್ದು ಆ ಸೋಲಿನ ಬೆನ್ನಿಗೇ. ಆಲೆನ್ ಬಂಧುಗಳು 1773ರಲ್ಲಿ ಆನಿಯನ್ ರಿವರ್ ಕಂಪನಿ ಕಟ್ಟಿ ಇದೇ ಸನದಿನ ಜಮೀನುಗಳಿಗೆ ಹಣ ಹಾಕಿದರು. ಸನದು ಬಿದ್ದರೆ ಬಂಡವಾಳವೂ ಮುಳುಗುತ್ತಿತ್ತು. ಇದನ್ನು ಬರೆದರೆ ನಾಯಕ ಸಣ್ಣವನಾಗುತ್ತಾನೆಂಬ ಅಳುಕು ಬೇಡ. ವ್ಯಾಜ್ಯ ಮುಗಿದದ್ದೂ ಹಣದಿಂದಲೇ: 1790ರ ಒಪ್ಪಂದದಲ್ಲಿ ನ್ಯೂಯಾರ್ಕ್‌ಗೆ 30,000 ಡಾಲರ್ ಕೊಡಲು ವರ್ಮಾಂಟ್ ಒಪ್ಪಿತು, 1791ರ ಮಾರ್ಚ್ 4ಕ್ಕೆ ಒಕ್ಕೂಟ ಸೇರಿತು. ನಿಮ್ಮ ಲೇಖನದಲ್ಲಿ ಈ ಮೊತ್ತವೇ ಇಲ್ಲ.

‘ವರ್ಮಾಂಟ್ ಗಣರಾಜ್ಯ’ ಎಂದು ಹದಿನೇಳು ಬಾರಿ ಬರೆದಿದ್ದೀರಿ. ಆ ಕಾಲದ ಸರ್ಕಾರಿ ಕಾಗದಗಳಲ್ಲಿ ಅದು ತನ್ನನ್ನು ‘ರಾಜ್ಯ’ ಎಂದೇ ಕರೆದುಕೊಂಡಿದೆ. ರೂಪರ್ಟ್‌ನಲ್ಲಿ ರೂಬೆನ್ ಹಾರ್ಮನ್ 1785ರಿಂದ ಟಂಕಿಸಿದ ತಾಮ್ರದ ನಾಣ್ಯದ ಒಂದು ಮುಖದಲ್ಲಿ ಲ್ಯಾಟಿನ್‌ನಲ್ಲಿ ‘ವರ್ಮಾಂಟಿಸ್ ರೆಸ್ ಪಬ್ಲಿಕಾ’ ಎಂದಿದೆ, ನಿಜ. ಮಗುಚಿ ನೋಡಿ: ‘ಸ್ಟೆಲ್ಲಾ ಕ್ವಾರ್ಟಾ ಡೆಸಿಮಾ’, ಹದಿನಾಲ್ಕನೆಯ ನಕ್ಷತ್ರ. ಒಕ್ಕೂಟ ಒಳಗೆ ಬಿಟ್ಟುಕೊಳ್ಳುವ ಆರು ವರ್ಷ ಮೊದಲೇ ತನ್ನ ಜಾಗಕ್ಕೆ ಟವೆಲ್ ಹಾಕಿಟ್ಟ ಊರು ಅದು. ಲೇಖನವನ್ನು ಈ ನಾಣ್ಯದಿಂದ ಶುರುಮಾಡಬಹುದು.

ಗುಲಾಮಗಿರಿಯ ಭಾಗವನ್ನು ಪೂರ್ತಿ ಮತ್ತೆ ಬರೆಯಬೇಕು. ‘1777ರಲ್ಲೇ ಗುಲಾಮಗಿರಿ ಅಳಿಯಿತು’ ಎಂದರೆ ಅರ್ಧಸತ್ಯ. ಆ ವರ್ಷದ ಸಂವಿಧಾನದ ಕಲಮು ಗಂಡಸರಿಗೆ 21, ಹೆಂಗಸರಿಗೆ 18 ತುಂಬಿದ ಮೇಲಷ್ಟೇ ಅನ್ವಯ; ಮಕ್ಕಳ ಮಾತೇ ಇಲ್ಲ. ಈ ವಯಸ್ಸಿನ ವಿನಾಯಿತಿಯನ್ನು ಮತದಾರರು ತೆಗೆದುಹಾಕಿದ್ದು 2022ರಲ್ಲಿ. ಕಾನೂನಿಗೂ ಆಚರಣೆಗೂ ಇದ್ದ ಅಂತರ ತೋರಿಸಲು ವಿಂಡ್ಸರ್‌ನ ಮೊಕದ್ದಮೆ ಸಾಕು. ಸ್ಟೀಫನ್ ಜೇಕಬ್ 1783ರಲ್ಲಿ ಡೈನಾ ಎಂಬ ಕಪ್ಪು ಮಹಿಳೆಯನ್ನು ಕೊಂಡಿದ್ದ. ಆಕೆ ಕಾಯಿಲೆ ಬಿದ್ದು ಕಣ್ಣು ಕಳೆದುಕೊಂಡಾಗ ಪಾಲನೆಯ ವೆಚ್ಚ ಟೌನ್ ಮೇಲೆ ಬಿತ್ತು. ಟೌನ್ ದಾವೆ ಹೂಡಿತು. 1802ರಲ್ಲಿ ವರ್ಮಾಂಟ್‌ನ ಸುಪ್ರೀಂ ಕೋರ್ಟು, ಈ ಸಂವಿಧಾನದಡಿ ಇಂಥ ಕ್ರಯಪತ್ರಕ್ಕೆ ಬೆಲೆಯೇ ಇಲ್ಲ ಎಂದು ಜೇಕಬ್‌ನನ್ನು ಹೊಣೆಯಿಂದ ಪಾರುಮಾಡಿತು. ಅಂದಹಾಗೆ ಜೇಕಬ್ ಅದೇ ಕೋರ್ಟಿನ ನ್ಯಾಯಾಧೀಶ. ನೀವು ಉಲ್ಲೇಖಿಸಿದ 1790ರ ಜನಗಣತಿಯ ‘16 ಗುಲಾಮರು’ ಮಾತ್ರ ಮುದ್ರಿತ ಪಟ್ಟಿಯ ತಪ್ಪು. ಅವರು ಸ್ವತಂತ್ರ ಕಪ್ಪು ಜನರೆಂದು ಮೂಲ ಹಾಳೆ ನೋಡಿದವರು ಆಮೇಲೆ ತಿದ್ದಿದರು.

ಇನ್ನು ಮಾತುಗಳ ವಿಷಯ. ‘ಟೌನ್’ ಅನ್ನು ‘ಪಟ್ಟಣ’ ಎಂದಿದ್ದೀರಿ. 36 ಚದರ ಮೈಲಿ ಕಾಡಿನ ನಡುವೆ ಹತ್ತು ಮನೆ ಇದ್ದ ಕಡೆ ನಮ್ಮ ಓದುಗರಿಗೆ ಪೇಟೆಬೀದಿ ಕಾಣಿಸುತ್ತದೆ. ಹೋಬಳಿ ಎಂದರೂ ಸರಿಹೋಗದು. ಹೋಬಳಿಗೆ ನಿವಾಸಿಗಳು ವರ್ಷಕ್ಕೊಮ್ಮೆ ಸೇರುವ ಮಾರ್ಚ್ ಸಭೆಯಿಲ್ಲ, ತೆರಿಗೆ ಹಾಕುವ ಅಧಿಕಾರವೂ ಇಲ್ಲ. ಟೌನ್ ಎಂದೇ ಇಟ್ಟು, ಮೊದಲ ಸಲ ಬಂದಾಗ ಒಂದು ವಾಕ್ಯದಲ್ಲಿ ವಿವರಿಸಿ.

ಸ್ಥಳೀಯ ದಾಖಲೆ ಬಳಸಿದ್ದಕ್ಕೆ ಶಭಾಷ್, ಆದರೆ ಎರಡು ಪುಸ್ತಕಗಳು ಬೆರೆತುಹೋಗಿವೆ. ಸನದಿನ ಜಮೀನಿನಲ್ಲಿ ಪಾಲು ಪಡೆದ ಷೇರುದಾರರ ಸಭೆಯ ಪುಸ್ತಕವೇ ಬೇರೆ, ನಿವಾಸಿಗಳ ಟೌನ್ ಸಭೆಯ ಪುಸ್ತಕವೇ ಬೇರೆ. ಷೇರುದಾರರಲ್ಲಿ ಎಷ್ಟೋ ಮಂದಿ ಆ ನೆಲ ಮೆಟ್ಟಿದವರೇ ಅಲ್ಲ. ಅವರ ಹೆಸರುಗಳನ್ನು ‘ಮೊದಲ ವಲಸಿಗರು’ ಎಂದು ಪಟ್ಟಿ ಮಾಡಬೇಡಿ. ಜಮೀನಿನ ಕ್ರಯಪತ್ರ ಬೇಕಿದ್ದರೆ ಕೌಂಟಿ ಕಚೇರಿಯಲ್ಲಿ ಹುಡುಕಬೇಡಿ, ವರ್ಮಾಂಟ್‌ನಲ್ಲಿ ಅವು ಟೌನ್ ಗುಮಾಸ್ತರ ಬಳಿ ಇರುತ್ತವೆ. ‘ಊರು ಬಿಡಿ’ ಎಂಬ ನೋಟಿಸು ಕಂಡ ಕೂಡಲೇ ಕುಟುಂಬಗಳನ್ನು ಹೊರಗಟ್ಟಿದರೆಂದು ಬರೆದಿದ್ದೀರಿ. ಬಡವರ ಪಾಲನೆ ತನ್ನ ತಲೆಗೆ ಬರದಿರಲೆಂದು ಟೌನ್ ತನಗೆ ಮಾಡಿಕೊಳ್ಳುತ್ತಿದ್ದ ಕಾನೂನಿನ ರಕ್ಷಣೆ ಅದು. ನೋಟಿಸು ಪಡೆದ ಅನೇಕರು ಅಲ್ಲೇ ನೆಲೆಸಿದರು.

ಬೆನಿಂಗ್ಟನ್ ಸನದಿಗೆ ಒಂದು ಕಡೆ 1749, ಇನ್ನೊಂದು ಕಡೆ 1750 ಎಂದಿದೆ. ಪತ್ರದ ಮೇಲಿರುವುದು 1749ರ ಜನವರಿ 3. ಬ್ರಿಟಿಷರ ಹೊಸ ವರ್ಷ 1752ಕ್ಕೆ ಮುಂಚೆ ಮಾರ್ಚ್ 25ಕ್ಕೆ ಶುರುವಾಗುತ್ತಿದ್ದುದರಿಂದ ನಮ್ಮ ಲೆಕ್ಕದಲ್ಲಿ ಅದು 1750. ಯಾವುದಾದರೂ ಒಂದನ್ನು ಆರಿಸಿ, ಕಾರಣ ಹೇಳಿ. ಹಣದಲ್ಲೂ ಜೋಪಾನ: ಒಂದು ಸ್ಪ್ಯಾನಿಷ್ ಡಾಲರ್ ನ್ಯೂ ಇಂಗ್ಲೆಂಡ್ ಲೆಕ್ಕದಲ್ಲಿ 6 ಶಿಲಿಂಗ್, ನ್ಯೂಯಾರ್ಕ್ ಲೆಕ್ಕದಲ್ಲಿ 8. ನಿಮ್ಮ ಕೋಷ್ಟಕ ಎರಡನ್ನೂ ಕೂಡಿಸಿಬಿಟ್ಟಿದೆ.

ತಿದ್ದಿದ ಪ್ರತಿ 2,000 ಪದ ಮೀರದಿರಲಿ. ಶೀರ್ಷಿಕೆಯಿಂದ ಹುಲಿಯನ್ನು ಬಿಟ್ಟುಬಿಡಿ.