ಮಗಳಿಗೆ 65, ಅಮ್ಮನಿಗೆ 76: ಯಾರ ಲೆಕ್ಕ ಖರೆ?

ಪ್ರಶ್ನೆ: ಮಗಳಿಗೆ 14 ವರ್ಷ. ಮೂರು ವರ್ಷದಿಂದ ಟೈಪ್ 1 ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ತಗೊಳ್ತಾಳೆ. ಈ ಸಲ ತಪಾಸಣೆಗೆ ರಾಯಚೂರಿಗೆ ಹೋದಾಗ ‘ಪೆಡ್ಸ್‌ಕ್ಯೂಎಲ್’ ಅನ್ನೋ, ಮಗುವಿನ ದಿನನಿತ್ಯದ ಬದುಕು ಹೇಗಿದೆ ಅಂತ ಕೇಳೋ 23 ಪ್ರಶ್ನೆಯ ಫಾರಂ ಅವಳಿಗೊಂದು, ನನಗೊಂದು ಕೊಟ್ಟರು. ಒಟ್ಟು ಅವಳದು 65, ನನ್ನದು 76. ಮೈಯ ಆರೋಗ್ಯಕ್ಕೆ ಅವಳು 87.5, ನಾನು 75. ಮನಸ್ಸಿಗೆ ಅವಳು 50, ನಾನು 80. ಗೆಳತಿಯರ ಭಾಗಕ್ಕೆ 70 ಮತ್ತು 80, ಶಾಲೆಗೆ 40 ಮತ್ತು 70. ಅವಳು ತಿಳೀದೆ ಬರೆದಳೇನ್ರೀ? 65 ಅಂದ್ರೆ ಕಡಿಮೆನಾ?
– ಒಬ್ಬ ತಾಯಿ, ಲಿಂಗಸುಗೂರು

ಉತ್ತರ: ಮೊದಲು ಎಸ್ಸೆಸ್ಸೆಲ್ಸಿ ಲೆಕ್ಕ ತಲೆಯಿಂದ ತೆಗೀರಿ ತಾಯಿ. ಇಲ್ಲಿ ಇಷ್ಟಕ್ಕೆ ಪಾಸು ಅಂತಿಲ್ಲ. ಕಳೆದ ಒಂದು ತಿಂಗಳಲ್ಲಿ ಯಾವುದು ಎಷ್ಟು ಸಲ ಕಷ್ಟ ಆಯಿತು ಅಂತ ಫಾರಂ ಕೇಳುತ್ತದೆ. ಒಮ್ಮೆಯೂ ಇಲ್ಲ ಅಂದರೆ 100, ಹೆಚ್ಚುಕಡಿಮೆ ಯಾವಾಗಲೂ ಅಂದರೆ 0. ನಡುವೆ 75, 50, 25. ಎಲ್ಲದರ ಸರಾಸರಿಯೇ ಅಂಕ.

ಲೆಕ್ಕ ಅವಳದೇ ಖರೆ. ಎಚ್‌ಬಿಎ1ಸಿ ರಕ್ತಪರೀಕ್ಷೆ ಎರಡು–ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುತ್ತದೆ, ಆ ದಿನಗಳನ್ನು ಹುಡುಗಿ ಹೇಗೆ ಕಳೆದಳು ಅಂತ ಹೇಳುವುದಿಲ್ಲ. ಅದನ್ನು ತಿಳಿಯೋಕೇ ಈ ಫಾರಂ ಇರೋದು. ಹಾಗಂತ ನಿಮ್ಮ ಫಾರಂ ದಂಡ ಅಲ್ಲ. ಕಣ್ಣಿಗೆ ಕಾಣುವ ಸುಸ್ತು, ನೋವು ಹೆತ್ತವರಿಗೆ ಗೊತ್ತಾಗುತ್ತದೆ, ಒಳಗಿನ ಅಂಜಿಕೆ ಅಷ್ಟು ಗೊತ್ತಾಗುವುದಿಲ್ಲ. ನಿಮ್ಮ ಮನೆಯಲ್ಲೂ ಹಾಗೇ ಆಗಿದೆ. ಮೈ ಬಗ್ಗೆ ನೀವು ಅವಳಿಗಿಂತ ಹೆಚ್ಚು ಚಿಂತೆ ಮಾಡಿದ್ದೀರಿ, ಮನಸ್ಸಿನ ಬಗ್ಗೆ ಕಡಿಮೆ. ಆ 50–80ರ ನಡುವಿನ 30 ಅಂಕ ಇದೆಯಲ್ಲ, ನಾನು ಡಾಕ್ಟರಾಗಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದೆ. ಅಲ್ಲಿರುವುದು ಹೆದರಿಕೆ, ದುಃಖ, ಸಿಟ್ಟು, ನಿದ್ದೆ, ‘ಮುಂದೆ ನನ್ನ ಗತಿ ಏನು’ ಅನ್ನೋ ಚಿಂತೆ, ಈ ಐದೇ.

ಶಾಲೆಯ 40 ನೋಡಿ ‘ಓದಿನಲ್ಲಿ ಹಿಂದೆ ಬಿದ್ದಳು’ ಅನ್ನಬೇಡಿ. ಅಲ್ಲಿಯ ಐದು ಪ್ರಶ್ನೆಗಳಲ್ಲಿ ಎರಡು ಬರೀ ಗೈರುಹಾಜರಿಯವು: ಮೈ ಸರಿಯಿಲ್ಲದೆ ಶಾಲೆ ತಪ್ಪಿತೇ, ಆಸ್ಪತ್ರೆಗೆ ಹೋಗಬೇಕಾಗಿ ತಪ್ಪಿತೇ. ಲಿಂಗಸುಗೂರಿನಿಂದ ರಾಯಚೂರಿಗೆ ಬಸ್ಸು ಹತ್ತಿ, ಚೀಟಿ ಮಾಡಿಸಿ, ಸರದಿಯಲ್ಲಿ ಕೂತು ಬಂದರೆ ದಿನವೇ ಹೋಯಿತಲ್ಲ. ಅಂಕ ಕುಸಿದದ್ದು ಬಸ್ಸಿನಿಂದಲೋ, ಬಿಸಿಯೂಟಕ್ಕೆ ಮೊದಲು ಎಲ್ಲರೆದುರು ಸೂಜಿ ಚುಚ್ಚಿಕೊಳ್ಳುವ ಮುಜುಗರದಿಂದಲೋ? ಮೊದಲನೆಯದಾದರೆ ತಪಾಸಣೆಯನ್ನು ರಜೆ ದಿನಕ್ಕೆ ಹೊಂದಿಸಬಹುದು. ಎರಡನೆಯದಾದರೆ ಟೀಚರ್ ಹತ್ತಿರ ಮಾತಾಡಿ ಒಂದು ಮರೆ ಕೇಳಬೇಕು. ಒಟ್ಟು 65 ಇದ್ಯಾವುದನ್ನೂ ಹೇಳದು, ಬಿಡಿ ಉತ್ತರಗಳೇ ಹೇಳಬೇಕು. ಆ ಹಾಳೆ ಕೇಳಿ ಪಡೆಯಿರಿ.

ಇಂಥ ಫಾರಂಗಳ ಮೇಲೆ ನನಗೂ ತಕರಾರಿದೆ. ಇದು ಅಮೆರಿಕದಲ್ಲಿ ಹುಟ್ಟಿದ್ದು. ಮೂಲದಲ್ಲಿ ‘ಒಂದು ಬ್ಲಾಕ್‌ಗಿಂತ ಹೆಚ್ಚು ನಡೆಯಲು ಕಷ್ಟವೇ’ ಅಂತಿದೆ. ಬ್ಲಾಕ್ ಅಂದರೆ ಅಲ್ಲಿಯ ಊರುಗಳಲ್ಲಿ ಒಂದು ಅಡ್ಡರಸ್ತೆಯಿಂದ ಇನ್ನೊಂದರವರೆಗಿನ ದೂರ. ನಮ್ಮ ಓಣಿಗೆ ಬ್ಲಾಕ್ ಎಲ್ಲಿಂದ ತರೋದು? ಮನೆಗೆಲಸದ ಪ್ರಶ್ನೆಯೂ ಅಂಥದ್ದೇ. ಕೊಡ ಹೊರುವ ಹುಡುಗಿ ‘ಕಷ್ಟ’ ಅಂತಾಳೆ, ಕಸಬರಿಗೆ ಮುಟ್ಟದ ಅವಳ ತಮ್ಮ ‘ಏನೂ ಕಷ್ಟವಿಲ್ಲ’ ಅಂತಾನೆ. ಅವನಿಗೆ ಪುಕ್ಕಟೆ 100! ಅದಕ್ಕೇ ಬೇರೆ ಮಕ್ಕಳ ಅಂಕದ ಜೊತೆ ಹೋಲಿಸುವುದಕ್ಕಿಂತ ಅವಳದೇ ಹಿಂದಿನ ಅಂಕದ ಜೊತೆ ಹೋಲಿಸುವುದು ಮೇಲು. ಒಟ್ಟು ಅಂಕ ಸುಮಾರು 4.4ರಷ್ಟು ಬದಲಾದರೆ ಲೆಕ್ಕಕ್ಕೆ ತಗೊಳ್ಳಿ, ಒಂದೆರಡು ಅಂಕಕ್ಕೆ ಗಾಬರಿ ಬೇಡ.

ಈ ಫಾರಂ ಖಿನ್ನತೆ ಇದೆ, ಇಲ್ಲ ಅಂತ ತೀರ್ಪು ಕೊಡುವುದಿಲ್ಲ. ನಿದ್ದೆ ಕೆಟ್ಟಿದ್ದರೆ, ಊಟ ಬಿಡುತ್ತಿದ್ದರೆ, ಇನ್ಸುಲಿನ್ ಬೇಕಂತಲೇ ತಪ್ಪಿಸುತ್ತಿದ್ದರೆ ಮುಂದಿನ ತಪಾಸಣೆವರೆಗೆ ಕಾಯಬೇಡಿ, ಡಾಕ್ಟರಿಗೆ ತಿಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಮುಂದಿನ ಸಲ ಅವಳು ತುಂಬುವಾಗ ನೀವು ಹೊರಗೆ ಕೂತಿರಿ. ಅಮ್ಮ ಹೆಗಲ ಮೇಲಿಂದ ಇಣುಕುತ್ತಿದ್ದರೆ ಯಾವ ಹುಡುಗಿ ‘ನನಗೆ ಹೆದರಿಕೆ’ ಅಂತ ಗುರುತು ಹಾಕುತ್ತಾಳೆ? ಮೇ ತಿಂಗಳಲ್ಲಂತೂ ತುಂಬಿಸಬೇಡಿ. ಹಿಂದಿನ ತಿಂಗಳೆಲ್ಲ ರಜೆ, ಮೇಲೆ 40 ಡಿಗ್ರಿ ದಾಟಿದ ರಾಯಚೂರು ಬಿಸಿಲು. ಶಾಲೆ ಶುರುವಾಗಿ ತಿಂಗಳು ಕಳೆಯಲಿ, ಜುಲೈ ಸರಿಯಾದ ಹೊತ್ತು.