ಮಂಡಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಆದಮೇಲೆ ಅಮ್ಮನ ಕಾಲಲ್ಲಿ ಬಲವೇ ಇಲ್ಲ. ಇಂಜೆಕ್ಷನ್ನಿಂದಲೇ ಹೀಗಾಗುತ್ತಾ?

ಮಂಡಿ ಸವೆತಕ್ಕೆ ನಾಲ್ಕು ತಿಂಗಳ ಅಂತರದಲ್ಲಿ ಎರಡು ಇಂಜೆಕ್ಷನ್ ಆಗಿದೆ, ನೋವು ಇಳಿದಿದೆ, ಆದರೆ ಈಗ ನೆಲದಿಂದ ಏಳೋಕಾಗ್ತಿಲ್ಲ ಅಂತ ಬರೆದಿದ್ದೀರಿ. ನಾನು ಫಿಸಿಯೋಥೆರಪಿಸ್ಟ್, ನನ್ನ ಹತ್ತಿರ ಬರೋರಲ್ಲಿ ಮಂಡಿ, ಸೊಂಟದವರೇ ಜಾಸ್ತಿ. ಸ್ಟಿರಾಯ್ಡಿಂದ ಸ್ನಾಯು ಸೊರಗೋದು ನಿಜ. ಆದರೆ ಬರೀ ಎರಡು ಇಂಜೆಕ್ಷನ್ನಿಗೆ ಇಷ್ಟಾಗೋದು ಅಪರೂಪ. ಹಾಗಾಗಿ ಬೇರೆ ದಾರಿಯಲ್ಲೂ ಸ್ಟಿರಾಯ್ಡ್ ಮೈಗೆ ಸೇರ್ತಿದೆಯಾ ಅಂತ ಮೊದಲು ನೋಡಿ.

ಮಂಡಿಗೆ ಕೊಟ್ಟ ಔಷಧಿ ಮಂಡಿಯಲ್ಲೇ ಕೂರೋದಿಲ್ಲ, ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕೆ ಸೇರುತ್ತೆ. ಶುಗರ್ ಇರೋರಿಗೆ ಇಂಜೆಕ್ಷನ್ ಆದ ಕೆಲವು ದಿನ ಶುಗರ್ ಏರೋದು ಅದಕ್ಕೇ. ಸಾಮಾನ್ಯವಾಗಿ ಕೊಡೋದು ಟ್ರಯಾಮ್ಸಿನೊಲೋನ್ ಅಥವಾ ಮಿಥೈಲ್‌ಪ್ರೆಡ್ನಿಸೊಲೋನ್. ಇವೆರಡರಲ್ಲಿ ಸ್ನಾಯುವಿಗೆ ಹೆಚ್ಚು ಕಾಟ ಕೊಡೋದು ಮೊದಲನೆಯದು. ಗಜಕರ್ಣಕ್ಕೆ ಇಟ್ರಾಕೊನಜೋಲ್ ಮಾತ್ರೆ ನುಂಗ್ತಿದ್ದರೆ ಟ್ರಯಾಮ್ಸಿನೊಲೋನ್ ಬೇಗ ಕರಗದೆ ಮೈಯಲ್ಲಿ ಬಹಳ ದಿನ ಉಳಿಯುತ್ತೆ. ಚರ್ಮದ ಡಾಕ್ಟರಿಗೆ ಮಂಡಿ ವಿಷಯ, ಮೂಳೆ ಡಾಕ್ಟರಿಗೆ ಗಜಕರ್ಣದ ವಿಷಯ ಯಾರು ಹೇಳ್ತಾರೆ?

ಇದಕ್ಕಿಂತ ನಾನು ಹೆಚ್ಚಾಗಿ ನೋಡಿರೋದು ಪೊಟ್ಟಣದ ಮಾತ್ರೆಗಳನ್ನ. ಒಬ್ಬರು ಅಜ್ಜಿ ಕುರ್ಚಿಯ ಕೈ ಹಿಡಿಯದೆ ಏಳೋಕಾಗದೆ ಬಂದಿದ್ದರು. 'ಮಾತ್ರೆ ಏನಾದ್ರೂ ತಗೊಳ್ತೀರಾ' ಅಂದರೆ ಇಲ್ಲ ಅಂದರು. ಆಮೇಲೆ ಸೊಸೆ ಬ್ಯಾಗಿಂದ ತೆಗೆದಳು: ಪೇಪರಲ್ಲಿ ಸುತ್ತಿದ ಹೆಸರಿಲ್ಲದ ಪುಟ್ಟ ಬಿಳಿ ಮಾತ್ರೆಗಳು, 'ನೋವಿನದ್ದು' ಅಂತ ಊರಲ್ಲಿ ಯಾರೋ ಕೊಡ್ತಿದ್ದದ್ದು. ಅಜ್ಜಿಯ ಮುಖ ದುಂಡಗಾಗಿತ್ತು, ಹೊಟ್ಟೆ ಬಂದಿತ್ತು, ಮನೆಯವರೆಲ್ಲ 'ಮೈ ಕೈ ತುಂಬಿಕೊಂಡಿದ್ದಾರೆ' ಅಂತ ಖುಷಿಯಲ್ಲಿದ್ದರು. ತೊಡೆ ಮುಟ್ಟಿ ನೋಡಿದರೆ ಮಾಂಸವೇ ಇರಲಿಲ್ಲ. ಡಾಕ್ಟರ್ ಹತ್ತಿರ ಕಳಿಸಿದಾಗ ಸ್ಟಿರಾಯ್ಡ್ ಅನ್ನೋದು ಖಾತ್ರಿಯಾಯ್ತು.

ಸ್ಟಿರಾಯ್ಡಿನ ನಿಶ್ಶಕ್ತಿ ಹೀಗೇ ಇರುತ್ತೆ: ನೋವಿಲ್ಲದೆ, ನಿಧಾನವಾಗಿ, ಎರಡೂ ತೊಡೆ, ಸೊಂಟದ ಸುತ್ತ, ಆಮೇಲೆ ಭುಜ. ಮೆಟ್ಟಿಲು ಹತ್ತೋದು, ಮೇಲಿನ ಶೆಲ್ಫಿಂದ ಡಬ್ಬ ಇಳಿಸೋದು ಕಷ್ಟ, ಬೆರಳಿನ ಹಿಡಿತ ಮಾತ್ರ ಚೆನ್ನಾಗಿರುತ್ತೆ. ಸಿಪಿಕೆ ಟೆಸ್ಟ್ (ಸ್ನಾಯುವಿಗೆ ಪೆಟ್ಟಾಗಿದೆಯಾ ಅಂತ ನೋಡೋ ರಕ್ತ ಪರೀಕ್ಷೆ) ನಾರ್ಮಲ್ ಬಂತು ಅಂತ ಬಿಟ್ಟುಬಿಡಬೇಡಿ, ಇದರಲ್ಲಿ ಅದು ನಾರ್ಮಲ್ಲೇ ಇರಬಹುದು. ಇಂಜೆಕ್ಷನ್ ಆದ ಒಂದೇ ಕಾಲು ಸೋತಿದ್ದರೆ ಬೇರೆ ಕಾರಣ ಹುಡುಕಬೇಕು. ನೋವಿಗೆ ಹೆದರಿ ತಿಂಗಳುಗಟ್ಟಲೆ ಆ ಕಾಲನ್ನ ಬಳಸದೇ ಇದ್ದರೆ ತೊಡೆ ತಾನಾಗೇ ಕರಗುತ್ತೆ. ಇಂಜೆಕ್ಷನ್ ಆದಮೇಲೆ ಮಂಡಿ ಊದಿ, ಕೆಂಪಾಗಿ, ಜ್ವರ ಬಂದರೆ ಅದು ಸೋಂಕಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ. ಕಾಲು ದಿಢೀರಂತ ಸೋತು, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಬೆಳಗಾಗೋವರೆಗೂ ಕಾಯಬೇಡಿ.

ಅಂಥ ಮಾತ್ರೆ ಸಿಕ್ಕಿದರೆ ಸಿಟ್ಟಲ್ಲಿ ತಕ್ಷಣ ನಿಲ್ಲಿಸಬೇಡಿ. ಬಹಳ ದಿನ ತಗೊಂಡಿದ್ದರೆ ಮೈ ತನ್ನದೇ ಸ್ಟಿರಾಯ್ಡ್ ಆದ ಕಾರ್ಟಿಸೋಲ್ ಮಾಡೋದನ್ನ ಕಮ್ಮಿ ಮಾಡಿರುತ್ತೆ. ಒಮ್ಮೆಲೇ ಬಿಟ್ಟರೆ ಬಿಪಿ ಬಿದ್ದು ಪ್ರಾಣಕ್ಕೇ ಕುತ್ತು ಬರಬಹುದು. ಡಾಕ್ಟರೇ ಹಂತಹಂತವಾಗಿ ಇಳಿಸಲಿ. ಇಳಿಸಿದಮೇಲೆ ಬಲ ವಾಪಸ್ ಬರುತ್ತೆ, ಆದರೆ ವಾರಗಳಿಂದ ತಿಂಗಳುಗಳೇ ಹಿಡಿಯುತ್ತೆ. ಅಲ್ಲಿವರೆಗೆ ಎತ್ತರದ ಕುರ್ಚಿಯಿಂದ ಎದ್ದು ಕೂರೋದನ್ನ ದಿನಾ ಮಾಡಿಸಿ, ಪಕ್ಕದಲ್ಲಿ ಒಬ್ಬರು ಇರಲಿ.